ನೆವಿಲ್ ಹಾವರ್ತನ ಹಿಂದಿನ ಸೀಟು

ರೋವೆನ್‌ಶಾ ಊರಿನ ಮಾರುಕಟ್ಟೆಯಲ್ಲಿ ನೆವಿಲ್ ಹಾವರ್ತ್ ಇಪ್ಪತ್ತೆಂಟು ವರ್ಷದಿಂದ ಚೀಸ್ ಮಾರುತ್ತಿದ್ದ. ಗಿರಾಕಿ ಬಾಗಿಲು ದಾಟಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅವರು ಯಾವುದು ಕೊಳ್ಳುತ್ತಾರೆ, ಎಷ್ಟು ಕೊಳ್ಳುತ್ತಾರೆ, ಕೊಂಡ ಮೇಲೆ ಬೆಲೆಗೆ ಎಷ್ಟು ಗೊಣಗುತ್ತಾರೆ ಎಂಬುದನ್ನು ಹೇಳಿಬಿಡುತ್ತಿದ್ದ. ಆದರೆ ಆರು ಅಡಿ ಹಾದಿಯ ಆಚೆಗಿದ್ದ ಎದುರಂಗಡಿಯ ಗೇನರ್ ಹೋಲ್ಡನ್ ಮನಸ್ಸಿನಲ್ಲಿ ಏನಿದೆ ಎಂಬುದು ಮಾತ್ರ ಅವನಿಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ.

ಗೇನರ್ ಉಣ್ಣೆ ದಾರ, ಗುಂಡಿ, ಜಿಪ್ಪು ಮಾರುತ್ತಿದ್ದಳು. ಗಂಡ ತೀರಿಕೊಂಡು ಒಂಬತ್ತು ವರ್ಷ. ನೆವಿಲ್‌ಗೆ ಮದುವೆಯೇ ಆಗಿರಲಿಲ್ಲ. ಯಾರಾದರೂ ಕೇಳಿದರೆ ಬೆಳಗಿನ ಐದು ಗಂಟೆಗೆ ಏಳುವ ಕಸುಬಿನ ಮೇಲೆ ತಪ್ಪು ಹಾಕುತ್ತಿದ್ದ. ದಿನಕ್ಕೆ ನಾಲ್ಕು ಸಲ ಅವಳ ಟೀ ಬಟ್ಟಲು ಈ ಕಡೆ ಬರುತ್ತಿತ್ತು, ಇವನ ಚೀಸಿನ ಚೂರು ಆ ಕಡೆ ಹೋಗುತ್ತಿತ್ತು. ಇದಕ್ಕಿಂತ ಹೆಚ್ಚಿನದನ್ನು ಇಬ್ಬರೂ ಲೆಕ್ಕಕ್ಕೆ ತಂದಿರಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗೇನರ್ ಕೈಯಲ್ಲೊಂದು ಅರ್ಜಿ ಹಿಡಿದು ಗಾಳಿ ಬೀಸಿಕೊಳ್ಳುತ್ತಿದ್ದಳು.

"ಏನದು?" ಎಂದ ನೆವಿಲ್.

"ಅಂಗಡಿ ಬಿಡೋ ಅರ್ಜಿ. ಸೆಪ್ಟೆಂಬರ್ ಕೊನೆಯೊಳಗೆ ಮಾರುಕಟ್ಟೆ ಆಫೀಸಿಗೆ ಕೊಟ್ರೆ ಹೊಸ ವರ್ಷಕ್ಕೆ ಬಿಡುಗಡೆ. ಶ್ರೂಸ್‌ಬರೀಲಿ ಅಕ್ಕನ ಮನೇಲಿ ಒಂದು ರೂಮು ಖಾಲಿ ಬಿದ್ದಿದೆಯಂತೆ."

ನೆವಿಲ್ ತಂತಿಯಿಂದ ಚೀಸ್ ಕೊಯ್ಯುತ್ತಿದ್ದವನು ನಿಲ್ಲಿಸಿದ. ತಂತಿ ಅರ್ಧಕ್ಕೇ ಸಿಕ್ಕಿಕೊಂಡಿತು.

"ಇಲ್ಲೇನಾಗಿದೆ ನಿಂಗೆ?"

"ಏನೂ ಆಗಿಲ್ಲ. ಅದೇ ಆಗಿರೋದು. ಸಮುದ್ರ ಇಲ್ಲಿಂದ ನಲವತ್ತೇ ಮೈಲಿ. ನಾನು ನೋಡಿ ಹನ್ನೊಂದು ವರ್ಷ ಆಯ್ತು."

"ಬಸ್ಸಿದೆಯಲ್ಲ."

"ಮೂರು ಬಸ್ಸು ಬದಲಾಯಿಸಿ ಹೋಗೋಕೆ ಅದೇನು ಆಸ್ಪತ್ರೆನಾ? ನಮ್ಮಪ್ಪ ಬೈಕ್ ಹಿಂದೆ ಕೂರಿಸ್ಕೊಂಡು ಮೋರ್ಕಮ್‌ಗೆ ಕರ್ಕೊಂಡು ಹೋಗ್ತಿದ್ರು. ಬೆಟ್ಟದ ಮೇಲಿನ ದಾರೀಲಿ. ಹಾಗೆ ಹೋದ್ರೆ ಹೋದ ಹಾಗೆ."

ನೆವಿಲ್ ತಂತಿಯನ್ನು ಬಿಡಿಸಿಕೊಳ್ಳುತ್ತಾ, ತೀರಾ ಸಾಧಾರಣ ಮಾತು ಎಂಬ ಹಾಗೆ ಕೇಳಿದ: "ಬೈಕಿದ್ರೆ ಬರ್ತೀಯಾ?"

"ಯಾರ ಬೈಕು?"

"ಯಾರದ್ದಾದ್ರೂ."

"ಯಾರದ್ದಾದ್ರೂ ಅಂದ್ರೆ ಬರಲ್ಲ. ನಿಂದಾದ್ರೆ ನೋಡೋಣ," ಎಂದು ಗೇನರ್ ಅರ್ಜಿಯನ್ನು ಮಡಿಸಿ ಹಸಿರು ದಾರದ ಡಬ್ಬಿಯ ಕೆಳಗಿಟ್ಟಳು.

ಮಾತು ಇಷ್ಟೇ. ಆದರೆ ವ್ಯಾಪಾರಸ್ಥನಿಗೆ 'ನೋಡೋಣ' ಎಂಬುದರ ಬೆಲೆ ಗೊತ್ತಿರುತ್ತದೆ. ಬೇಡ ಎನ್ನುವ ಗಿರಾಕಿ ಬೇಡ ಎಂದೇ ಹೇಳಿ ಮುಂದೆ ಹೋಗುತ್ತಾನೆ. 'ನೋಡೋಣ' ಎಂದವನು ಒಂದು ಸುತ್ತು ಹಾಕಿ ವಾಪಸು ಬರುತ್ತಾನೆ. ಅಷ್ಟರಲ್ಲಿ ಮಾಲು ತಯಾರಿರಬೇಕು.

ಇಲ್ಲಿ ತಯಾರಿಲ್ಲದ ಮಾಲು ಎಂದರೆ ನೆವಿಲ್ ತಾನೇ. ಐವತ್ತೇಳು ವರ್ಷವಾಗಿದ್ದರೂ ಅವನ ಬಳಿ ಯಾವ ಲೈಸೆನ್ಸೂ ಇರಲಿಲ್ಲ. ಹರೆಯದಲ್ಲಿ ಕಾರಿನ ಟೆಸ್ಟಿಗೆ ನಾಲ್ಕು ಸಲ ಕೂತಿದ್ದ. ಮೊದಲ ಮೂರು ಸಲ ಸಾಧಾರಣವಾಗಿ ಫೇಲಾದ. ನಾಲ್ಕನೆಯ ಸಲ, ಅರ್ಧ ದಾರಿಯಲ್ಲಿ ಪರೀಕ್ಷೆಯ ಸಾಹೇಬರು "ಇಲ್ಲೇ ನಿಲ್ಲಿಸಿ" ಎಂದು ಇಳಿದು, ಮಳೆಯಲ್ಲಿ ನಡೆದುಕೊಂಡೇ ಆಫೀಸಿಗೆ ಹೋದರು. ಆ ಕಥೆ ಮೂವತ್ತು ವರ್ಷವಾದರೂ ಮಾರುಕಟ್ಟೆಯಲ್ಲಿ ಹಳಸಿರಲಿಲ್ಲ. ಅಂದಿನಿಂದ ಯಾರಾದರೂ ಕಾಗದ ಸಿಕ್ಕಿಸಿದ ಪ್ಯಾಡು ಹಿಡಿದು ಎದುರಿಗೆ ನಿಂತರೆ ನೆವಿಲ್‌ನ ಕೈಬೆರಳು ಅವನ ಮಾತು ಕೇಳುತ್ತಿರಲಿಲ್ಲ. ಶುಚಿತ್ವ ನೋಡಲು ಇನ್‌ಸ್ಪೆಕ್ಟರು ಬಂದ ದಿನ ಅಂಗಡಿಯನ್ನು ಗೇನರ್‌ಗೆ ಒಪ್ಪಿಸಿ ಶೌಚಾಲಯಕ್ಕೆ ಹೋಗಿಬಿಡುತ್ತಿದ್ದ. ಚೀಸ್ ಎಷ್ಟು ಡಿಗ್ರಿ ತಂಪಿನಲ್ಲಿರಬೇಕು ಎಂಬುದು ಈಗ ಗೇನರ್‌ಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಮರು ಮಂಗಳವಾರ, ಅಂದರೆ ಮಾರುಕಟ್ಟೆಯ ರಜೆಯ ದಿನ, ನೆವಿಲ್ ಕಾಲುವೆ ಪಕ್ಕದ ಇಕ್ಬಾಲ್ ದರ್‌ನ ಬೈಕಿನ ಅಂಗಡಿಗೆ ಹೋದ. ಇಕ್ಬಾಲ್ ಹುಟ್ಟಿ ಬೆಳೆದದ್ದೆಲ್ಲ ಇದೇ ಊರು. ಪ್ರತಿ ಶುಕ್ರವಾರ ತಾಯಿಯ ಪರೋಟದೊಳಗೆ ತುಂಬಲು ಪುಡಿಪುಡಿಯಾಗುವ ಲ್ಯಾಂಕಶೈರ್ ಚೀಸನ್ನು ನೆವಿಲ್ ಹತ್ತಿರವೇ ಕೊಳ್ಳುವವನು. ಇಬ್ಬರು ವ್ಯಾಪಾರಿಗಳು ಎದುರುಬದುರಾದರೆ ಮೊದಲ ಹತ್ತು ನಿಮಿಷ ಹವಾಮಾನಕ್ಕೆ ಹೋಗುತ್ತದೆ. ಅದು ಮುಗಿದ ಮೇಲೆ ನೆವಿಲ್ ಹೇಳಿದ:

"ಒಂದು ಚಿಕ್ಕ ಬೈಕು ನೋಡ್ಬೇಕಿತ್ತು."

"ಯಾರಿಗೆ?"

"ನಂಗೇ ಕಣಯ್ಯ."

ಇಕ್ಬಾಲ್ ನಗಲಿಲ್ಲ. ಕೆಟ್ಟ ವ್ಯಾಪಾರಿಯಾಗಿದ್ದರೆ ನಗುತ್ತಿದ್ದ. "ಎಲ್ ಬೋರ್ಡಲ್ಲಿ ನೂರಿಪ್ಪತ್ತೈದು ಸಿಸಿ ತನಕ ಓಡಿಸಬಹುದು. ಬನ್ನಿ," ಎಂದು ಒಳಗೆ ಕರೆದುಕೊಂಡು ಹೋದ.

ಮೊದಲು ತೋರಿಸಿದ್ದು ಒಂದು ಕಪ್ಪು ಬೈಕು. ಹ್ಯಾಂಡಲ್ ತಗ್ಗಿ, ಟ್ಯಾಂಕು ಉಬ್ಬಿ, ಸೀಟು ಒಬ್ಬನಿಗೆ ಸರಿಯಾಗಿ ಮುಗಿದು ಹಿಂದೆ ಬಾತುಕೋಳಿಯ ಬಾಲದ ಹಾಗೆ ಮೇಲಕ್ಕೆದ್ದಿತ್ತು. ನಿಂತಲ್ಲೇ ಓಡುತ್ತಿರುವ ಹಾಗಿತ್ತು. ನೆವಿಲ್ ಅದರ ಮೇಲೆ ಕೂತು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಮೂವತ್ತು ವರ್ಷ ಕಡಿಮೆಯಾಗಿ ಕಾಣಿಸಬೇಕಿತ್ತು; ಎರಡೋ ಮೂರೋ ಕಡಿಮೆಯಾಗಿತ್ತು.

"ಇದು ನಿಮಗೋಸ್ಕರವೇ ಕಾಯ್ತಾ ಇತ್ತು ನೋಡಿ," ಎಂದ ಇಕ್ಬಾಲ್.

ಇದೇ ಮಾತನ್ನು ಇದೇ ಧಾಟಿಯಲ್ಲಿ ನೆವಿಲ್ ಮೊನ್ನೆ ತಾನೇ ಒಬ್ಬಳು ಹೆಂಗಸಿಗೆ ಹೇಳಿ, ಯಾರೂ ಕೊಳ್ಳದೆ ಉಳಿದಿದ್ದ ಏಪ್ರಿಕಾಟ್ ಹಾಕಿದ ಚೀಸನ್ನು ದಾಟಿಸಿದ್ದ. ಕೆಳಗಿಳಿದ.

"ಅದೇನದು, ಮೂಲೇಲಿ?"

ಮೂಲೆಯಲ್ಲಿದ್ದದ್ದು ಜಪಾನಿನ ಹಳೆಯ ಕೆಂಪು ಬೈಕು. ಕೆಂಪು ಎನ್ನಲು ಸ್ವಲ್ಪ ಧಾರಾಳ ಬೇಕಿತ್ತು. ಚೈನು ಪೂರ್ತಿ ತಗಡಿನ ಡಬ್ಬಿಯೊಳಗೆ, ಹಿಂದೆ ಸಾಮಾನು ಕಟ್ಟುವ ಕಂಬಿ, ಶಾಲೆಯ ಬೆಂಚಿನ ಹಾಗೆ ಉದ್ದಕ್ಕೆ ಮಟ್ಟಸವಾದ ಸೀಟು.

"ಅಯ್ಯೋ, ಅದು ಹಳ್ಳಿ ಕಡೆ ಓಡಾಡ್ತಿದ್ದ ಒಬ್ಬ ನರ್ಸಮ್ಮಂದು. ಕೆಲಸದ ಎತ್ತು. ನಿಮ್ಮಂಥವರಿಗೆ ಅದ್ಯಾಕೆ?"

ನೆವಿಲ್ ಮಂಡಿಯೂರಿ ಇಂಜಿನ್ ನೋಡುವವನಂತೆ ನಟಿಸಿದ. ಅವನ ಕಣ್ಣಿದ್ದದ್ದು ಬೇರೆ ಕಡೆ. ಹಿಂದೆ ಕೂತವರು ಕಾಲಿಡುವ ಎರಡು ಮಡಚುವ ಕಡ್ಡಿಗಳನ್ನು ಬಿಚ್ಚಿದ, ಮಡಚಿದ, ಮತ್ತೆ ಬಿಚ್ಚಿದ. ಆಮೇಲೆ ಸೀಟಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಚೀಸು ಮಾಗಿದೆಯೋ ಇಲ್ಲವೋ ನೋಡುವ ಹಾಗೆ.

ಇಕ್ಬಾಲ್ ಗಡ್ಡ ಕೆರೆದುಕೊಂಡ. "ಎಲ್ ಬೋರ್ಡಲ್ಲಿ ಹಿಂದೆ ಯಾರನ್ನೂ ಕೂರಿಸೋ ಹಾಗಿಲ್ಲ, ಗೊತ್ತಲ್ಲ ನೆವಿಲ್?"

ನೆವಿಲ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮುಖದಲ್ಲಿ ತೋರಿಸುವ ಅಭ್ಯಾಸವೂ ಇರಲಿಲ್ಲ. "ಚೀಸ್ ಇಡೋಕೆ," ಎಂದ.

"ಓಹೋ. ಚೀಸಿಗೆ ಕಾಲಿಡೋ ಕಡ್ಡಿ ಬೇಕಾಗುತ್ತಲ್ವಾ."

"ನಾನು ಮಾರೋ ಚೀಸಿಗೆ ಬೇಕಾಗುತ್ತೆ. ಓಡಿಸಿ ನೋಡ್ಬಹುದಾ? ನಮ್ಮಲ್ಲಿ ರುಚಿ ತೋರಿಸದೆ ಮಾರೋದಿಲ್ಲ."

"ಒಂದು ದಿನದ ಕಡ್ಡಾಯ ತರಬೇತಿ ಮುಗಿಸಿ, ಚೀಟಿ ತಗೊಂಡು ಬನ್ನಿ. ಆಮೇಲೆ ಊರೆಲ್ಲ ರುಚಿ ನೋಡಿ," ಎಂದು ಇಕ್ಬಾಲ್ ಕೆಂಪು ಬೈಕಿನ ಹ್ಯಾಂಡಲಿಗೆ 'ಮಾರಾಟವಾಗಿದೆ' ಎಂಬ ರಟ್ಟು ತೂಗಿಹಾಕಿದ. ಬೆಲೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದಕ್ಕೆ ಇನ್ನೊಂದು ಮಂಗಳವಾರ ಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು.

ತರಬೇತಿ ಶಾಲೆ ನಡೆಸುತ್ತಿದ್ದವಳು ಡಾಟ್ ಕ್ರಾಬ್‌ಟ್ರೀ. ಅರವತ್ತು ದಾಟಿದವಳು, ಹಿಂದೆ ಲಂಡನ್ನಿನಲ್ಲಿ ಬೈಕಿನ ಮೇಲೆ ಟಪಾಲು ಹಂಚುತ್ತಿದ್ದವಳು. ಎಲ್ಲರನ್ನೂ 'ಚಿನ್ನ' ಎನ್ನುತ್ತಿದ್ದಳು. ಬೈಯುವಾಗಲೂ ಅದೇ ಶಬ್ದ, ಸ್ವರ ಮಾತ್ರ ಬೇರೆ.

"ಇದು ಪರೀಕ್ಷೆ ಅಲ್ಲ ಚಿನ್ನ. ಇದರಲ್ಲಿ ಪಾಸು ಫೇಲು ಇಲ್ಲ. ರಸ್ತೇಲಿ ನೀನೂ ಸಾಯದೆ, ಯಾರನ್ನೂ ಸಾಯಿಸದೆ ಬರ್ತೀಯ ಅಂತ ನಂಗೆ ನಂಬಿಕೆ ಬಂದ್ರೆ ಚೀಟಿ ಕೊಡ್ತೀನಿ."

ಪಾಸು ಫೇಲು ಇಲ್ಲ ಎಂದು ಕೇಳಿದ ಕೂಡಲೇ ನೆವಿಲ್‌ನ ಬೆರಳು ಸಡಿಲವಾದವು. ಮೈದಾನದಲ್ಲಿ ಎಂಟರ ಆಕಾರ ಸುತ್ತಿದ, ಗೇರು ಹಾಕಿದ, ತೆಗೆದ. ಮಧ್ಯಾಹ್ನ ರಸ್ತೆಗೂ ಹೋಗಿ ಬಂದ. ಒಂದು ಕಡೆ ಕುರಿ ಅಡ್ಡ ಬಂದಾಗ ಇಂಡಿಕೇಟರ್ ಹಾಕಿ ಕುರಿಯ ಹಿಂದೆಯೇ ಸ್ವಲ್ಪ ದೂರ ಹೋದದ್ದನ್ನು ಬಿಟ್ಟರೆ ಎಲ್ಲವೂ ಸರಿಯಾಗಿತ್ತು. ಚೀಟಿ ಸಿಕ್ಕಿತು. ಎರಡು ವರ್ಷ ಚಾಲ್ತಿ.

ಬೆಲೆಯ ಮಂಗಳವಾರವೂ ಮುಗಿದು ಕೆಂಪು ಬೈಕು ನೆವಿಲ್‌ನದಾಯಿತು. ಅಂದಿನಿಂದ ಮಾರುಕಟ್ಟೆಯ ಹಿಂಬಾಗಿಲಲ್ಲಿ ಎರಡು ಎಲ್ ಬೋರ್ಡು ಅಕ್ಕಪಕ್ಕ ನಿಲ್ಲತೊಡಗಿದವು. ಎರಡನೆಯದು ಮೀನಿನ ಅಂಗಡಿಯ ಕೀತ್‌ನ ಸ್ಕೂಟರು. ಕೀತ್ ಇಪ್ಪತ್ತು ವರ್ಷದಿಂದ ಎಲ್ ಬೋರ್ಡಿನಲ್ಲೇ ಓಡಾಡುತ್ತಿದ್ದ. ಎರಡು ವರ್ಷಕ್ಕೊಮ್ಮೆ ಡಾಟ್‌ಳ ಹತ್ತಿರ ಹೋಗಿ, ಅದೇ ಎಂಟು ಸುತ್ತಿ, ಅದೇ ಟೀ ಕುಡಿದು, ಹೊಸ ಚೀಟಿ ತರುತ್ತಿದ್ದ. ಎಲ್ ಬೋರ್ಡಿನ ಕೆಂಪಕ್ಷರ ಬಿಸಿಲಿಗೆ ಮಾಸಿ ಗುಲಾಬಿಯಾಗಿತ್ತು.

"ಟೆಸ್ಟ್ ಯಾಕೆ ಬೇಕು ಮಾರಾಯ?" ಎಂದ ಕೀತ್. "ಟೆಸ್ಟ್ ಅಂದ್ರೆ ಫೇಲಾಗ್ಬಹುದು. ಇದರಲ್ಲಿ ಫೇಲೇ ಇಲ್ಲ. ನಿನ್ನಂಥೋರಿಗೆ ಅಂತಾನೇ ಮಾಡಿರೋದು ಇದು. ಆ ಸಾಹೇಬ ಮಳೇಲಿ ನಡ್ಕೊಂಡು ಹೋದ್ನಲ್ಲ, ಇನ್ನೂ ಮನೆ ಸೇರಿದ್ನೋ ಇಲ್ವೋ."

ನೆವಿಲ್‌ಗೆ ಇದು ಬಹಳ ಸಮಂಜಸವಾಗಿ ಕಂಡಿತು. ಒಂದೇ ತೊಂದರೆ. ಕೀತ್‌ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದದ್ದು ಮೀನಿನ ಡಬ್ಬಿ.

ಈ ಕಾನೂನಿನ ವಿಷಯವನ್ನು ಅವನು ಗೇನರ್‌ಗೆ ಹೇಳಲಿಲ್ಲ, ನೆಪ ಹೇಳುತ್ತಾ ಬಂದ. ಏಪ್ರಿಲ್ ಹೋಯಿತು, ಮೇ ಹೋಯಿತು. ಒಂದು ಮಂಗಳವಾರ ಮಳೆ ಎಂದ, ಇನ್ನೊಂದು ಮಂಗಳವಾರ ಬ್ರೇಕಿಗೆ ಹೊಸ ಪ್ಯಾಡು ಎಂದ, ಮತ್ತೊಂದು ಮಂಗಳವಾರ ಬೆನ್ನು ಹಿಡಿದುಕೊಂಡಿದೆ ಎಂದ. ಜೂನ್ ಮೊದಲ ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಗೇನರ್ ಕೌಂಟರಿನ ಕೆಳಗಿನಿಂದ ಒಂದು ಬಿಳಿ ಹೆಲ್ಮೆಟ್ ತೆಗೆದು ದಾರದುಂಡೆಗಳ ನಡುವೆ ಇಟ್ಟಳು. ಹೊಚ್ಚ ಹೊಸದು.

ನೆವಿಲ್ ಅದನ್ನೇ ನೋಡುತ್ತಾ ನಿಂತ. "ಗೇನರ್, ಒಂದು ವಿಷಯ..."

"ಹೇಳು."

"ಎಲ್ ಬೋರ್ಡ್ ಇರೋ ತನಕ... ಹಿಂದೆ ಕೂರಿಸೋ ಹಾಗಿಲ್ಲ. ಕಾನೂನು."

"ಹೌದಾ?" ಎಂದಳು ಗೇನರ್. ಹೆಲ್ಮೆಟಿನ ಮೇಲೆ ಇಲ್ಲದ ಧೂಳನ್ನು ಒರೆಸಿದಳು. "ನಮ್ಮಪ್ಪ ಟೆಸ್ಟ್ ಪಾಸಾದ ದಿನ ನಮ್ಮಮ್ಮ ಆ ಬೋರ್ಡನ್ನ ಒಲೆಗೆ ಹಾಕಿದ್ಳು. ನಾನು ಪಕ್ಕದಲ್ಲೇ ಇದ್ದೆ. ನಂಗೆ ಗೊತ್ತಿಲ್ಲ ಅನ್ಕೊಂಡ್ಯಾ?"

"ಮತ್ತೆ ಎರಡು ತಿಂಗಳಿಂದ ಸುಮ್ಮನಿದ್ದೆ?"

"ಎಷ್ಟು ದಿನ ಸುಳ್ಳು ಹೇಳ್ತೀಯ ನೋಡೋಣ ಅಂತ. ಬೆನ್ನು ನೋವು ಚೆನ್ನಾಗಿತ್ತು. ಮಳೆ ಅಷ್ಟು ಚೆನ್ನಾಗಿರಲಿಲ್ಲ, ಅವತ್ತು ಬಿಸಿಲಿತ್ತು."

"ಟೆಸ್ಟ್ ತಗೋತೀನಿ," ಎಂದ ನೆವಿಲ್. ಮಾತು ಅವನನ್ನು ಕೇಳದೆಯೇ ಹೊರಬಿದ್ದಿತ್ತು.

ಗೇನರ್ ತಮಾಷೆಯ ದನಿ ಬಿಟ್ಟಳು. "ಪ್ಯಾಡ್ ಹಿಡ್ಕೊಂಡಿರ್ತಾರೆ ಅಲ್ಲಿ."

"ಗೊತ್ತು."

"ನಂಗೋಸ್ಕರ ಶೌಚಾಲಯಕ್ಕೆ ಓಡೋದೂ ಬೇಡ, ಆಸ್ಪತ್ರೆ ಸೇರೋದೂ ಬೇಡ. ಸೆಪ್ಟೆಂಬರ್ ತನಕ ಟೈಮಿದೆ," ಎಂದು ಹೆಲ್ಮೆಟನ್ನು ಹಸಿರು ದಾರದ ಡಬ್ಬಿಯ ಮೇಲಿಟ್ಟಳು. ಅದರ ಕೆಳಗಿನ ಅರ್ಜಿ ಇನ್ನೂ ಅಲ್ಲೇ ಇತ್ತು.

ಟೆಸ್ಟು ಎಂದರೆ ಒಂದಲ್ಲ, ಮೂರು. ಮೊದಲು ಕಂಪ್ಯೂಟರಿನ ಮುಂದೆ ಪ್ರಶ್ನೆಗಳು. ಆಮೇಲೆ ಮೈದಾನದಲ್ಲಿ ಕಸರತ್ತು. ಕೊನೆಗೆ ರಸ್ತೆಯಲ್ಲಿ ಓಡಾಟ. ಕಂಪ್ಯೂಟರಿನದು ಅಷ್ಟು ಕಷ್ಟವಾಗಲಿಲ್ಲ. ರಸ್ತೆಯ ಚಿತ್ರ ತೋರಿಸಿ, ಅಪಾಯ ಕಂಡಾಗ ಗುಂಡಿ ಒತ್ತು ಎಂದರು. ಇಪ್ಪತ್ತೆಂಟು ವರ್ಷ ಮಾರುಕಟ್ಟೆಯಲ್ಲಿ ನಿಂತವನಿಗೆ ಕಂಡವರೆಲ್ಲ ಅಪಾಯವೇ. ನಾಯಿ, ಪೋಸ್ಟ್‌ಮನ್, ನಿಂತ ಲಾರಿ, ಎಲ್ಲದಕ್ಕೂ ಒತ್ತಿದ. ಇಷ್ಟೊಂದು ಒತ್ತುವವನು ಮೋಸಗಾರನಿರಬೇಕೆಂದು ಕಂಪ್ಯೂಟರು ಒಂದು ಚಿತ್ರಕ್ಕೆ ಸೊನ್ನೆ ಕೊಟ್ಟಿತು. ಉಳಿದವುಗಳಲ್ಲಿ ಹೇಗೋ ದಡ ಸೇರಿದ. ಅಲ್ಲಿ ಪ್ಯಾಡು ಯಾರ ಕೈಯಲ್ಲೂ ಇರಲಿಲ್ಲ.

ತಪ್ಪಾದದ್ದು ಅದರ ನಂತರ, ಡಾಟ್‌ಳ ಆಫೀಸಿನಲ್ಲಿ.

"ಎರಡು ದಾರಿ ಇದೆ ಚಿನ್ನ," ಎಂದಳು ಡಾಟ್. "ನಿನ್ನ ಕೆಂಪು ಬೈಕಲ್ಲೇ ಟೆಸ್ಟ್ ಕೊಟ್ರೆ ಚಿಕ್ಕ ಲೈಸೆನ್ಸ್. ಜೀವಮಾನ ಪೂರ್ತಿ ಚಿಕ್ಕ ಬೈಕು, ಆದ್ರೆ ಹಿಂದೆ ಕೂರಿಸ್ಬಹುದು. ಇಲ್ಲಾ, ನಮ್ಮ ದೊಡ್ಡ ಬೈಕಲ್ಲಿ ಕೊಟ್ರೆ ದೊಡ್ಡ ಲೈಸೆನ್ಸ್. ಯಾವ ಬೈಕ್ ಬೇಕಾದ್ರೂ ಓಡಿಸು. ಟೆಸ್ಟು ಅದೇ, ಮೈದಾನ ಅದೇ, ಫೀಸೂ ಅದೇ."

"ಫೀಸು ಅದೇನಾ?"

"ಟೆಸ್ಟಿನ ಫೀಸು ಅದೇ."

ಇನ್ನು ಕೇಳಬೇಕೆ? ಅದೇ ಬೆಲೆಗೆ ದೊಡ್ಡ ತುಂಡು ಸಿಗುವಾಗ ಚಿಕ್ಕದನ್ನು ಕಟ್ಟಿಸಿಕೊಂಡು ಹೋಗುವವನು ವ್ಯಾಪಾರಸ್ಥನೇ ಅಲ್ಲ. ನೆವಿಲ್ ದೊಡ್ಡದಕ್ಕೆ ಹೆಸರು ಬರೆಸಿದ. ಡಾಟ್ ಏನೋ ಹೇಳಲು ಬಾಯಿ ತೆರೆದವಳು ಅವನ ಮುಖದ ಹೊಳಪು ನೋಡಿ ಮುಚ್ಚಿದಳು.

ದೊಡ್ಡ ಬೈಕು ಇನ್ನೂರು ಕಿಲೋ ಇತ್ತು. ಸ್ಟ್ಯಾಂಡಿನಿಂದ ಎತ್ತುವಾಗಲೇ ನೆವಿಲ್‌ಗೆ ಗೋಡೌನಿನ ಬಾಗಿಲು ತಳ್ಳಿದ ಅನುಭವವಾಯಿತು. ನೇರಕ್ಕೆ ಓಡುವಾಗ ರಾಜನ ಹಾಗೆ ಓಡುತ್ತಿತ್ತು. ತಿರುಗುವಾಗ ಮಾತ್ರ ಕೋಪ. ಎರಡು ಗೆರೆಗಳ ನಡುವೆ, ಕಾಲು ನೆಲಕ್ಕೆ ತಾಗಿಸದೆ ಹಿಂದಕ್ಕೆ ತಿರುಗಬೇಕು; ತಾಗಿದರೆ ಅಲ್ಲಿಗೇ ಮುಗಿಯಿತು.

"ಎಲ್ಲಿ ನೋಡ್ತೀಯೋ ಅಲ್ಲಿಗೇ ಹೋಗುತ್ತೆ ಬೈಕು," ಎಂದು ಡಾಟ್ ನೂರು ಸಲ ಹೇಳಿದಳು. "ನೆಲ ನೋಡಿದ್ರೆ ನೆಲಕ್ಕೆ. ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು ಚಿನ್ನ!"

ಜುಲೈ ಕೊನೆಯಲ್ಲಿ ಟೆಸ್ಟು. ಮೈದಾನದ ನಡುವೆ ಪರೀಕ್ಷೆಯ ಸಾಹೇಬರು, ಅವರ ಕೈಯಲ್ಲಿ ಪ್ಯಾಡು. ಕಂಬಗಳ ನಡುವೆ ಹಾವಿನ ಹಾಗೆ ಹೋಗಿದ್ದಾಯಿತು, ಎಂಟೂ ಆಯಿತು. ತಿರುಗುವ ಸರದಿ ಬಂತು. ಅರ್ಧ ತಿರುಗಿದಾಗ ಸಾಹೇಬರು ಪೆನ್ನು ತೆಗೆದು ಏನೋ ಬರೆದರು. ಬಹುಶಃ ತಾರೀಕು. ನೆವಿಲ್ ಪ್ಯಾಡನ್ನು ನೋಡಿದ. ಇನ್ನೂರು ಕಿಲೋ ಬೈಕು ವಿಧೇಯವಾಗಿ ಪ್ಯಾಡಿನ ಕಡೆಗೇ ಹೊರಟಿತು. ಸಾಹೇಬರು ವಯಸ್ಸಿಗೆ ಮೀರಿದ ಚುರುಕಿನಿಂದ ಪಕ್ಕಕ್ಕೆ ಹಾರಿದರು. ನೆವಿಲ್ ಎರಡೂ ಕಾಲು ನೆಲಕ್ಕೆ ಊರಿದ.

ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಮರುದಿನ ಬೆಳಗ್ಗೆ ಕೀತ್ ಮೀನಿನ ಮೇಲೆ ಐಸ್ ಸುರಿಯುತ್ತಾ ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿದ: "ಏನಪ್ಪಾ ನೆವಿಲ್, ಹೋದ ಸಲದೋನು ನಡ್ಕೊಂಡು ಹೋಗಿದ್ದ. ಈ ಸಲದೋನು ಹಾರಿದ್ನಂತೆ? ಮುಂದಿನ ಸಲದೋನು ಈಜ್ತಾನೆ ಬಿಡು!"

ಎಲ್ಲರೂ ನಕ್ಕರು. ನೆವಿಲ್ ಕೂಡ ನಕ್ಕ. ಗೇನರ್ ಮಾತ್ರ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಾ ಕೂತಿದ್ದಳು. ಅವು ಆಗಲೇ ಬೇರೆಯಾಗಿದ್ದವು.

ಆಮೇಲಿನ ಎರಡು ವಾರ ನೆವಿಲ್ ಟೆಸ್ಟಿನ ಹೆಸರೆತ್ತಲಿಲ್ಲ. ಸಾಯಂಕಾಲ ಕೀತ್‌ನ ಗುಲಾಬಿ ಎಲ್ ಬೋರ್ಡನ್ನು ನೋಡಿದರೆ ಅದರಲ್ಲೂ ಒಂದು ಅಂದ ಕಾಣತೊಡಗಿತ್ತು. ಫೇಲಾಗದೆ ಬದುಕಲು ಎಷ್ಟು ಸುಲಭದ ದಾರಿ!

ಆಗಸ್ಟ್ ತಿಂಗಳ ಒಂದು ಗುರುವಾರ, ಬೆಟ್ಟದ ಮೇಲಿನ ಕೇರಿಯಿಂದ ಬರುವ ಮುದುಕರೊಬ್ಬರು ಅಂಗಡಿಗೆ ಬಂದರು. ಹೆಂಡತಿ ಹೋದ ಮೇಲೆ ಒಬ್ಬರೇ ಇದ್ದರು. ನೆವಿಲ್ ಅಂದು ದೊಡ್ಡ ತುಂಡುಗಳನ್ನು ಸೋವಿಗೆ ಇಟ್ಟಿದ್ದ.

"ಆ ಎರಡು ಕಿಲೋದ್ದು ಕೊಡಪ್ಪಾ. ಒಂದು ಕಿಲೋ ಬೆಲೆಗೇ ಬರುತ್ತಲ್ಲ."

"ಬೇಡಿ ಯಜಮಾನ್ರೆ," ಎಂದ ನೆವಿಲ್, ಯೋಚನೆಯೇ ಇಲ್ಲದೆ, ಸಾವಿರ ಸಲ ಹೇಳಿ ಸವೆದ ಮಾತಿನಂತೆ. "ನೀವೊಬ್ರೇ. ವಾರಕ್ಕೆ ಕಾಲು ಕಿಲೋ ತಿಂತೀರ. ಉಳಿದದ್ದು ಒಣಗುತ್ತೆ, ಬಿಸಾಡೋಕೆ ಮನಸ್ಸು ಬರಲ್ಲ, ಕಲ್ಲಾದ್ಮೇಲೂ ಕಡೀತಾ ಕೂತಿರ್ತೀರ. ಬೆಲೆ ಒಂದೇ ಅಂತ ತಿನ್ನೋಕಾಗದ್ದು ಯಾಕೆ ಹೊತ್ಕೊಂಡು ಹೋಗ್ತೀರಿ? ಈ ಚಿಕ್ಕದು ತಗೊಳ್ಳಿ."

ಹೇಳಿ ಮುಗಿಸಿದವನು ತಂತಿಯನ್ನು ಎತ್ತಿ, ಎತ್ತಿದ ಹಾಗೇ ನಿಂತ. ಹಾದಿಯ ಆಚೆ ಗೇನರ್ ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು.

"ಚೆನ್ನಾಗಿ ಹೇಳ್ದೆ," ಎಂದಳು. "ಅದನ್ನೇ ಒಂದ್ಸಲ ಕನ್ನಡಿ ಮುಂದೆ ನಿಂತ್ಕೊಂಡು ಹೇಳು."

ಮುದುಕರು ಇಬ್ಬರನ್ನೂ ನೋಡಿ, ಕಾಲು ಕಿಲೋ ಕಟ್ಟಿಸಿಕೊಂಡು, ಗೊಣಗದೆ ಹೋದರು.

ಅಂದು ಸಾಯಂಕಾಲವೇ ನೆವಿಲ್ ಡಾಟ್‌ಗೆ ಫೋನ್ ಮಾಡಿದ. "ಚಿಕ್ಕದಕ್ಕೆ ಬರ್ಕೊಳ್ಳಿ. ನನ್ನ ಕೆಂಪು ಬೈಕಲ್ಲೇ."

"ಕೊನೆಗೂ ಬಂತಲ್ಲ ಬುದ್ಧಿ ಚಿನ್ನ."

"ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

"ಸೋವಿ ಮಾಲು ಕಂಡ ವ್ಯಾಪಾರಿಗೆ ಹೇಳಿದ್ದು ಕಿವಿಗೆ ಬೀಳುತ್ತಾ? ನಾನೂ ಅಂಗಡಿ ನಡೆಸೋಳೇ ಅಲ್ವಾ."

ಸುದ್ದಿ ಹರಡಿತು. ಐವತ್ತೇಳು ವರ್ಷದವನು ಹದಿನೇಳು ವರ್ಷದ ಹುಡುಗರ ಲೈಸೆನ್ಸಿಗೆ ಹೋಗುತ್ತಿದ್ದಾನೆಂದು ಕೀತ್ ಎರಡು ವಾರ ಅದರಲ್ಲೇ ಹೊಟ್ಟೆ ತುಂಬಿಸಿಕೊಂಡ. "ಟಿಫಿನ್ ಡಬ್ಬಿ ಕಟ್ಕೊಡ್ಬೇಕೇನಪ್ಪಾ ನಿಂಗೆ?" ಎಂದ. ನೆವಿಲ್ ದಿನಾ ಸಾಯಂಕಾಲ ಮುಚ್ಚಿದ ಮಾರುಕಟ್ಟೆಯ ಹಿಂದೆ, ಖಾಲಿ ಚೀಸಿನ ಪೆಟ್ಟಿಗೆಗಳನ್ನು ಎರಡು ಸಾಲು ಇಟ್ಟು, ನಡುವೆ ತಿರುಗಿದ. ಗೇನರ್ ಪೆಟ್ಟಿಗೆಯೊಂದರ ಮೇಲೆ ಕೂತು, ಮಾರುಕಟ್ಟೆಯ ಲೆಡ್ಜರ್ ಕಟ್ಟಿದ್ದ ಹಳೆಯ ಪ್ಯಾಡೊಂದನ್ನು ಎತ್ತಿ ಹಿಡಿದು, ಸಾಹೇಬರ ಹಾಗೆ ಮುಖ ಗಂಟಿಕ್ಕಿ ಸುಮ್ಮಸುಮ್ಮನೆ ಬರೆಯುತ್ತಿದ್ದಳು.

"ಏನು ಬರೀತಿದ್ದೀಯ?"

"ನೋಡ್ಬೇಡ! ನೋಡಿದ್ರೆ ನನ್ನ ಮೇಲೇ ಬರ್ತೀಯ. ಆ ಕಡೆ ನೋಡು. ಮೋರ್ಕಮ್ ಕಡೆ."

ಪಶ್ಚಿಮಕ್ಕೆ ಗ್ಯಾಸ್ ಕಚೇರಿಯ ಗೋಡೆ ಇತ್ತು. ನೆವಿಲ್ ಅದರಾಚೆ ನೋಡಿದ. ಬೈಕು ಬೆಕ್ಕಿನ ಮರಿಯ ಹಾಗೆ ತಿರುಗಿತು. ಎಂಟನೆಯ ದಿನ ಅವನು ಪ್ಯಾಡು ಇಸಿದುಕೊಂಡು ನೋಡಿದ. ಅವಳು ಬರೆದದ್ದೆಲ್ಲ ಹೆಣಿಗೆಯ ಲೆಕ್ಕ: ಎರಡು ಸೀದಾ, ಎರಡು ಉಲ್ಟಾ.

ಸೆಪ್ಟೆಂಬರ್ ಎರಡನೆಯ ವಾರ ಮೈದಾನದ ಟೆಸ್ಟು. ಕಾಯುವ ಕೋಣೆಯಲ್ಲಿ ಮೊಡವೆ ಮುಖಗಳ ನಡುವೆ ನೆವಿಲ್ ಯಾರದೋ ತಾತನ ಹಾಗೆ ಕೂತಿದ್ದ. ಒಬ್ಬಳು ಹುಡುಗಿ ಅವನನ್ನೇ ಪರೀಕ್ಷೆಯ ಸಾಹೇಬರೆಂದು ತಿಳಿದು ಎದ್ದು ನಿಂತಳು. ಮೈದಾನದಲ್ಲಿ ಅದೇ ಸಾಹೇಬರು. ಈ ಸಲ ಅವರು ಮೂರು ಹೆಜ್ಜೆ ಹಿಂದೆಯೇ ನಿಂತಿದ್ದರು. ಪೆನ್ನು ಹೊರಬಂತು, ಏನೋ ಬರೆದರು. ಎರಡು ಸೀದಾ ಎರಡು ಉಲ್ಟಾ ಇರಬೇಕು ಎಂದುಕೊಂಡು ನೆವಿಲ್ ಮೋರ್ಕಮ್ ಇರುವ ಕಡೆ ತಲೆ ತಿರುಗಿಸಿದ. ಬೈಕೂ ತಿರುಗಿತು.

ಮೂರನೆಯದು, ರಸ್ತೆಯದು, ಹೊಸ ಅನುಭವ. ಕಿವಿಯಲ್ಲಿ ರೇಡಿಯೋ ಸಿಕ್ಕಿಸಿ ಪರೀಕ್ಷೆಯ ಮೇಡಂ ಇನ್ನೊಂದು ಬೈಕಿನಲ್ಲಿ ಹಿಂದೆ ಬಂದರು. "ಎಡಕ್ಕೆ ತಿರುಗಿ... ಮುಂದೆ ಬಲಕ್ಕೆ..." ಎಂದು ದನಿ ಮಾತ್ರ ಕೇಳುತ್ತಿತ್ತು. ಬರೆಯುವ ಕೈ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾರಿನ ಟೆಸ್ಟನ್ನೂ ಹೀಗೆ ಇಟ್ಟಿದ್ದರೆ ಆ ಸಾಹೇಬರು ಮಳೆಯಲ್ಲಿ ನಡೆಯಬೇಕಾಗಿರಲಿಲ್ಲ ಎಂದು ನೆವಿಲ್‌ಗೆ ಅನ್ನಿಸಿತು. ವಾಪಸು ಬಂದು ನಿಂತಾಗ ಮೇಡಂ ಹೆಲ್ಮೆಟ್ ತೆಗೆದು, "ಪಾಸಾಗಿದ್ದೀರಿ. ಒಂದೇ ಮಾತು, ಕುರಿ ಕಂಡಾಗ ಇಂಡಿಕೇಟರ್ ಹಾಕೋ ಅಗತ್ಯ ಇಲ್ಲ," ಎಂದರು.

ಸೆಪ್ಟೆಂಬರ್ ಕೊನೆಯ ಮಂಗಳವಾರ. ಮರುದಿನ ಅರ್ಜಿಗೆ ಕಡೆಯ ದಿನ. ನೆವಿಲ್ ಗೇನರ್ ಮನೆಯ ಮುಂದೆ ಬೈಕು ನಿಲ್ಲಿಸಿ ಎಲ್ ಬೋರ್ಡು ಬಿಚ್ಚಿದ. ಗೇನರ್ ಅದನ್ನು ಇಸಿದುಕೊಂಡು, ಈಗಿನ ಮನೆಗಳಲ್ಲಿ ಒಲೆಯಿಲ್ಲವಲ್ಲ ಎಂದು ಬೇಸರಪಟ್ಟು, ಕಸದ ಡಬ್ಬಿಗೆ ಹಾಕಿದಳು. ಕಡ್ಡಿಗಳ ಮೇಲೆ ಕಾಲಿಟ್ಟು, ಶಾಲೆಯ ಬೆಂಚಿನಂಥ ಸೀಟಿನ ಮೇಲೆ ಕೂತಳು.

"ಕಪ್ಪಗಿದ್ದದ್ದು ಒಂದಿತ್ತಂತೆ, ಭಾರೀ ಚೆಂದದ್ದು. ಇಕ್ಬಾಲ್ ಹೇಳ್ತಿದ್ದ."

"ಅದರಲ್ಲಿ ಹಿಂದೆ ಸೀಟಿರಲಿಲ್ಲ."

ಗೇನರ್ ಹೆಲ್ಮೆಟಿನ ಪಟ್ಟಿ ಬಿಗಿದಳು. ಅವನ ಕೋಟಿನ ಎರಡೂ ಬದಿ ಹಿಡಿದುಕೊಂಡಳು.

ಬೆಟ್ಟದ ಏರಿನಲ್ಲಿ ಕೆಂಪು ಬೈಕು ತನ್ನ ವಯಸ್ಸನ್ನು ಒಪ್ಪಿಕೊಂಡಿತು. ಮೂರನೇ ಗೇರು, ಎರಡನೇ ಗೇರು, ಆಮೇಲೆ ಬರೀ ನರಳಾಟ. ಸೈಕಲ್ಲಿನವನೊಬ್ಬ ಪಕ್ಕದಲ್ಲೇ ದಾಟಿಹೋಗುತ್ತಾ ಗೌರವದಿಂದ ತಲೆಬಾಗಿದ.

"ದೊಡ್ಡದು ತಗೋಬೇಕಿತ್ತು ನೀನು!" ಎಂದು ಗೇನರ್ ಕಿವಿಯ ಹತ್ತಿರ ಕೂಗಿದಳು.

"ಇಳಿದು ತಳ್ತೀಯಾ?"

"ನಾನ್ಯಾಕೆ ತಳ್ಲಿ? ನಾನು ಗಿರಾಕಿ!"

ಮೋರ್ಕಮ್ ತಲುಪಿದಾಗ ಸಮುದ್ರ ಇರಲಿಲ್ಲ. ಇಳಿತದ ಹೊತ್ತು, ಕಣ್ಣು ಹರಿಯುವ ತನಕ ಬೂದು ಮರಳು, ಅದರಾಚೆ ಬೆಟ್ಟಗಳ ಸಾಲು. ಇಬ್ಬರೂ ಗೋಡೆಯ ಮೇಲೆ ಕೂತರು. ನೆವಿಲ್ ಚೀಸು ತೆಗೆದ, ಗೇನರ್ ಒಣದ್ರಾಕ್ಷಿ ತುಂಬಿದ ಎಕಲ್ಸ್ ಕೇಕು ತೆಗೆದಳು. ನಲವತ್ತು ಮೈಲಿ ಉದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದ. ಈಗ ಬಾಯಿಗೆ ಬಂದದ್ದು ಬೇರೆ.

"ನಾಳೆ ಬುಧವಾರ. ಆ ಅರ್ಜಿ..."

ಗೇನರ್ ಕೇಕಿನ ಮೇಲೆ ಚೀಸಿಟ್ಟು ಕಚ್ಚಿದಳು. ನಿಧಾನವಾಗಿ ಅಗಿದು ಮುಗಿಸಿದಳು. ಆಮೇಲೆ ಪಕ್ಕದಲ್ಲಿಟ್ಟಿದ್ದ ಬಿಳಿ ಹೆಲ್ಮೆಟ್ಟನ್ನು ಬೆರಳಿನಿಂದ ತಟ್ಟಿದಳು.

"ಇದಕ್ಕೆಷ್ಟು ಕೊಟ್ಟೆ ಗೊತ್ತಾ? ಇಕ್ಬಾಲ್ ಒಂದು ಕಾಸೂ ಬಿಡಲಿಲ್ಲ. ಒಂದೇ ಮಂಗಳವಾರಕ್ಕೆ ಅಂತ ಇಷ್ಟು ದುಡ್ಡು ಸುರಿಯೋಕೆ ನಂಗೇನು ಹುಚ್ಚಾ?"

ನೆವಿಲ್ ಲೆಕ್ಕ ಹಾಕಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ಅವನಿಗೆ ಹೊಳೆಯಿತು.

"ಎಷ್ಟು ಮಂಗಳವಾರಕ್ಕೆ ಅಸಲು ಹುಟ್ಟುತ್ತೆ?"

"ಅಸಲು ಹುಟ್ಟೋ ತನಕ ನೋಡೋಣ," ಎಂದಳು ಗೇನರ್. "ಸಮುದ್ರ ಎಷ್ಟೊತ್ತಿಗೆ ವಾಪಸ್ ಬರುತ್ತೆ?"

"ನಾಲ್ಕು ಗಂಟೆಗೆ."

"ಕಾಯೋಣ. ಇನ್ನೊಂದು ಚೂರು ಚೀಸ್ ಕೊಡು. ಅದಲ್ಲ, ದೊಡ್ಡದು."